ತಳಿಗೆ ಹುಂಜ ಆರಿಸುವುದು, ಹೇಂಟೆ ಜೋಡಿಸುವುದು: ಮಲೆನಾಡಿನಲ್ಲಿ ನಾಟಿಕೋಳಿ ಸಾಕುವವರಿಗೆ ಸಮಗ್ರ ಮಾರ್ಗದರ್ಶಿ

ಸಂತೆಯಲ್ಲಿ ಚೆಂದದ ಹುಂಜ ಸಿಕ್ಕಿತು, ತಂದು ಅಂಗಳಕ್ಕೆ ಬಿಟ್ಟೆವು, ಆದರೆ ಮರಿ ಮಾತ್ರ ಸರಿ ಬರಲಿಲ್ಲ ಅನ್ನುವ ದೂರು ಪದೇ ಪದೇ ಬರುತ್ತಲೇ ಇದೆ. ಹನ್ನೆರಡು ಮೊಟ್ಟೆ ಕಾವಿಗಿಟ್ಟರೆ ಐದು ಮರಿ. ಅದರಲ್ಲೂ ಒಂದೆರಡಕ್ಕೆ ಕಾಲು ಸೊಟ್ಟ. ಉಳಿದವು ಆರು ತಿಂಗಳಾದರೂ ಒಂದು ಕೆಜಿ ತೂಗುವುದಿಲ್ಲ. ಆಮೇಲೆ ಹುಂಜವನ್ನು ಬೈದುಕೊಂಡು ಇನ್ನೊಂದನ್ನು ತರುತ್ತಾರೆ, ಮತ್ತೆ ಅದೇ ಕಥೆ.

ಎಡವುತ್ತಿರುವುದು ಕ್ರಮದಲ್ಲಿ. ಮೊದಲು ಹುಂಜ ತಂದು, ಆಮೇಲೆ ಮನೆಯಲ್ಲಿ ಯಾವ ಹೇಂಟೆ ಇದೆಯೋ ಅದರ ಜೊತೆ ಬಿಡುತ್ತೇವೆ. ಆಗಬೇಕಾದದ್ದು ಇದರ ಉಲ್ಟಾ. ಮೊದಲು ಹೇಂಟೆ ಆರಿಸಬೇಕು, ಆ ಹೇಂಟೆಗಳಲ್ಲಿ ಏನು ಕೊರತೆ ಇದೆಯೋ ಅದನ್ನು ನೋಡಿಕೊಂಡು ಹುಂಜ ಹುಡುಕಬೇಕು, ಹುಂಜದ ಬಣ್ಣ ನೋಡುವ ಮೊದಲು ಅದರ ತಾಯಿ ಎಂಥದ್ದು ಅಂತ ಕೇಳಬೇಕು. ಹುಂಜ ಮೊಟ್ಟೆ ಇಡುವುದಿಲ್ಲ ನಿಜ. ಆದರೆ ಅದರ ಹೆಣ್ಣುಮರಿಗಳು ಎಷ್ಟು ಮೊಟ್ಟೆ ಇಡುತ್ತವೆ, ಕಾವಿಗೆ ಗಟ್ಟಿಯಾಗಿ ಕೂರುತ್ತವಾ ಅನ್ನುವ ಗುಣ ತಂದೆ ಕಡೆಯಿಂದಲೂ ಬರುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಬೇಕಾಗುವ ಸಾಮಾನು

ದೊಡ್ಡ ಖರ್ಚೇನಿಲ್ಲ. ತೂಗುಹಾಕುವ ಸ್ಪ್ರಿಂಗ್ ತಕ್ಕಡಿ, ಕೋಳಿಯನ್ನು ಹಾಕಿ ತೂಗಲು ಒಂದು ಬಟ್ಟೆ ಚೀಲ, ಒಳ್ಳೆ ಬೆಳಕಿನ ಟಾರ್ಚ್, ಪೆನ್ಸಿಲ್, ಒಂದು ನೋಟ್‌ಬುಕ್, ಬೇರೆ ಬೇರೆ ಬಣ್ಣದ ಕಾಲುಂಗುರ. ಉಂಗುರ ಸಿಗದಿದ್ದರೆ ವೈರ್ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ನಡೆಯುತ್ತದೆ. ಆದರೆ ಬಿಗಿಯಾಗಿ ಎಳೆಯಬೇಡಿ, ಬೆಳೆಯುವ ಮರಿಗೆ ಹಾಕಿದ್ದರೆ ಆಗಾಗ ಬಿಚ್ಚಿ ಬದಲಿಸಿ. ಇಲ್ಲದಿದ್ದರೆ ಕಾಲಿಗೆ ಕಚ್ಚಿಕೊಳ್ಳುತ್ತದೆ.

ಎರಡು ಜಾಗ ಬೇಕೇ ಬೇಕು. ಹೊಸ ಕೋಳಿಯನ್ನು ಒಂದು ತಿಂಗಳು ಬೇರೆ ಇಡಲು ಕೊಟ್ಟಿಗೆಯ ಆಚೆಗೊಂದು ಗೂಡು. ಆರಿಸಿದ ಹುಂಜ ಮತ್ತು ಹೇಂಟೆಗಳನ್ನು ಬೇರೆ ಹುಂಜ ನುಗ್ಗದ ಹಾಗೆ ಇಡಲು ಬಲೆ ಕಟ್ಟಿದ ಒಂದು ಆವರಣ. ಈ ಎರಡನೆಯದ್ದು ಇಲ್ಲದೆ ತಳಿ ಮಾಡುತ್ತೇನೆ ಅಂದರೆ ಅದು ಬರೀ ಮಾತು. ಪಕ್ಕದ ಮನೆಯ ಹುಂಜ ಬೇಲಿ ಹಾರಿ ಬಂದರೆ ನೀವು ಬರೆದಿಟ್ಟ ಲೆಕ್ಕವೆಲ್ಲ ಸುಳ್ಳಾಗುತ್ತದೆ.

## ಹಂತ 1: ಯಾತಕ್ಕೆ ಅಂತ ತೀರ್ಮಾನ ಮಾಡಿ

ಮಾಂಸಕ್ಕಾ, ಮೊಟ್ಟೆಗಾ, ಅಥವಾ ತಾನೇ ಕಾವು ಕೂತು ಮರಿ ಸಾಕುವ ಮನೆಕೋಳಿ ಬೇಕಾ? ಮೂರೂ ಒಂದೇ ಕೋಳಿಯಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಜಾಸ್ತಿ ಮೊಟ್ಟೆ ಇಡುವ ಕೋಳಿ ಸಾಮಾನ್ಯವಾಗಿ ಕಾವು ಕೂರುವುದು ಕಡಿಮೆ. ಕಾವು ಕೂತು ಮರಿ ಓಡಾಡಿಸುವ ನಾಟಿ ಹೇಂಟೆ ಅಷ್ಟು ದಿನ ಮೊಟ್ಟೆ ನಿಲ್ಲಿಸಿಯೇ ನಿಲ್ಲಿಸುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ಗಿರಿರಾಜ, ಸ್ವರ್ಣಧಾರಾ ಇವು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಮಿಶ್ರ ತಳಿಗಳು. ಸಾಕುವುದಕ್ಕೆ ಒಳ್ಳೆಯವೇ. ಆದರೆ ಗಿರಿರಾಜ ಹುಂಜ ಮತ್ತು ಗಿರಿರಾಜ ಹೇಂಟೆ ಜೋಡಿಸಿದರೆ ಅದೇ ಗುಣದ ಗಿರಿರಾಜ ಮರಿ ಬರುತ್ತದೆ ಅಂದುಕೊಳ್ಳಬೇಡಿ. ಬೆರಕೆಯಿಂದ ಬಂದ ಹುರುಪು ಮುಂದಿನ ಪೀಳಿಗೆಯಲ್ಲಿ ಚೆದುರಿ ಹೋಗುತ್ತದೆ, ಒಂದು ಮರಿ ದೊಡ್ಡದು, ಇನ್ನೊಂದು ಕುಳ್ಳು. ಅವು ಬೇಕಾದರೆ ಪ್ರತಿ ಸಲ ಮರಿಯನ್ನೇ ಕೊಂಡು ತನ್ನಿ. ಮನೆಯಲ್ಲೇ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಬೇಕು ಅಂದರೆ ನಾಟಿ, ಅಸೀಲ್, ಕಡಕ್‌ನಾಥ್‌ನಂಥ ನೆಲೆ ನಿಂತ ಕೋಳಿಯೇ ಬೇಕು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲು ಬರೆಯಿರಿ: ನನಗೆ ಬೇಕಾದದ್ದು ಇಂಥ ಕೋಳಿ. ಮುಂದೆ ಹುಂಜದ ಬಾಲ ನೋಡಿ ಮನಸ್ಸು ಕರಗುವಾಗ ಆ ಪುಟ ತೆಗೆದು ನೋಡಬೇಕಾಗುತ್ತದೆ.

## ಹಂತ 2: ಮಾರುವ ಮೊದಲೇ ಎತ್ತಿಡಿ

ನಮ್ಮ ಕಡೆ ನಾಟಿಕೋಳಿ ವರ್ಷ ವರ್ಷ ಸಣ್ಣದಾಗುತ್ತಾ ಬರುವುದಕ್ಕೆ ದೊಡ್ಡ ಕಾರಣ ಇಲ್ಲಿದೆ. ಚೌಡಿಗೆ ಹರಕೆ ಹುಂಜ ಬೇಕು, ಮಾರಿಜಾತ್ರೆಗೆ ಬೇಕು, ನೆಂಟರು ಬಂದರು, ಪೇಟೆಯಿಂದ ಒಳ್ಳೆ ರೇಟು ಕೊಟ್ಟು ಕೇಳಿದರು. ಆಗ ಯಾವುದನ್ನು ಹಿಡಿಯುತ್ತೇವೆ? ಬೇಗ ಬೆಳೆದದ್ದನ್ನ, ದಪ್ಪ ಇರುವುದನ್ನ. ಕೊನೆಗೆ ಅಂಗಳದಲ್ಲಿ ಉಳಿಯುವುದು ಯಾರೂ ಕೇಳದ ಪೀಚು ಹುಂಜ, ಮುಂದಿನ ಮರಿಗಳಿಗೆಲ್ಲ ಅದೇ ತಂದೆ. ನಾಲ್ಕೈದು ವರ್ಷ ಹೀಗೇ ನಡೆದರೆ ಹೊರಗಿನಿಂದ ಎಂಥ ಹುಂಜ ತಂದರೂ ಉಪಯೋಗವಿಲ್ಲ.

ಆದ್ದರಿಂದ ಒಂದು ಕಾವಿನ ಮರಿಗಳು ಮೂರು ತಿಂಗಳಾದಾಗ ಎಲ್ಲವನ್ನೂ ತೂಗಿ. ಅದರಲ್ಲಿ ಮುಂದಿರುವ ಎರಡು ಮೂರು ಹುಂಜಕ್ಕೆ ಉಂಗುರ ಹಾಕಿ. ಉಂಗುರ ಇದ್ದದ್ದು ಮಾರಾಟಕ್ಕಿಲ್ಲ, ಹರಕೆಗೂ ಇಲ್ಲ ಅಂತ ಮನೆಯವರಿಗೆಲ್ಲ ಹೇಳಿಬಿಡಿ. ಹರಕೆಗೆ ಬೇರೆ ಹುಂಜ ಬೆಳೆಸಿದರಾಯಿತು.

## ಹಂತ 3: ಹೇಂಟೆ ಆರಿಸುವುದು

ಎಂಟು ತಿಂಗಳು ದಾಟಿರಬೇಕು, ಒಂದು ಸುತ್ತು ಮೊಟ್ಟೆ ಇಟ್ಟು ಮುಗಿಸಿರಬೇಕು. ಈಗಷ್ಟೇ ಮೊಟ್ಟೆ ಶುರು ಮಾಡಿದ ಪಡ್ಡೆಯನ್ನು ತಳಿಗೆ ಹಾಕಬೇಡಿ. ಅದರ ಮೊಟ್ಟೆ ಸಣ್ಣದು, ಮರಿಯೂ ಸಣ್ಣದು. ಒಂದೂವರೆ ಎರಡು ವರ್ಷದ, ಒಮ್ಮೆ ಮರಿ ಸಾಕಿ ತೋರಿಸಿದ ಹೇಂಟೆ ಎಲ್ಲಕ್ಕಿಂತ ನಂಬಿಕೆಯದ್ದು.

ಕೈಯಲ್ಲಿ ಹಿಡಿದು ನೋಡುವುದು ಹೀಗೆ. ಹೇಂಟೆಯ ತಲೆ ನಿಮ್ಮ ಕಂಕುಳ ಕಡೆ ಬರುವಂತೆ ಎಡಗೈ ಮೇಲೆ ಮಲಗಿಸಿಕೊಳ್ಳಿ. ಬಾಲದ ಕೆಳಗೆ, ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ತೆಳ್ಳಗೆ ಚೂಪಾಗಿ ಎರಡು ಮೂಳೆಯ ತುದಿ ಕೈಗೆ ಸಿಗುತ್ತದೆ. ಅವುಗಳ ನಡುವೆ ಎರಡು ಬೆರಳು ಆರಾಮಾಗಿ ಹಿಡಿಸಿದರೆ ಹೇಂಟೆ ಮೊಟ್ಟೆಯಲ್ಲಿದೆ, ಮೂರು ಹಿಡಿಸಿದರೆ ಇನ್ನೂ ಒಳ್ಳೆಯದು. ಒಂದೇ ಬೆರಳು, ಅದೂ ಬಿಗಿಯಾಗಿ ಅಂದರೆ ಸದ್ಯ ಮೊಟ್ಟೆ ಇಡುತ್ತಿಲ್ಲ. ಇನ್ನು ಆ ಮೂಳೆಗಳಿಂದ ಎದೆಮೂಳೆಯ ತುದಿವರೆಗೆ ಅಳೆಯಿರಿ. ಮೂರು ನಾಲ್ಕು ಬೆರಳು ಜಾಗ, ಮುಟ್ಟಿದರೆ ಮೆತ್ತಗೆ ಇರಬೇಕು. ಗಟ್ಟಿಯಾಗಿ ಕೊಬ್ಬು ಕಟ್ಟಿದ್ದರೆ ಆ ಹೇಂಟೆ ತಿಂದು ಮೈ ಬೆಳೆಸಿದೆ ಅಷ್ಟೆ. ದ್ವಾರ ಅಗಲವಾಗಿ ತೇವವಾಗಿದ್ದರೆ ಮೊಟ್ಟೆ ಇಡುವ ಕೋಳಿ, ಒಣಗಿ ಸುಕ್ಕಾಗಿದ್ದರೆ ಅಲ್ಲ.

ಹಳದಿ ಕಾಲಿನ ಹೇಂಟೆಗಳಲ್ಲಿ ಇನ್ನೊಂದು ಗುರುತಿದೆ. ಮೊಟ್ಟೆ ಇಡುತ್ತಾ ಹೋದಂತೆ ಮೈಯ ಹಳದಿ ಬಣ್ಣ ಮೊಟ್ಟೆಯೊಳಗಿನ ಭಂಡಾರಕ್ಕೆ, ಅಂದರೆ ಹಳದಿ ಭಾಗಕ್ಕೆ ಹೋಗುತ್ತದೆ. ಮೊದಲು ದ್ವಾರದ ಸುತ್ತ, ಆಮೇಲೆ ಕಣ್ಣಿನ ಸುತ್ತ, ಆಮೇಲೆ ಕೊಕ್ಕು, ಕೊನೆಗೆ ಕಾಲು ಬಿಳಿಚಿಕೊಳ್ಳುತ್ತದೆ. ಕಾಲಿನವರೆಗೂ ಬಣ್ಣ ಇಳಿದಿದೆ ಅಂದರೆ ತುಂಬಾ ದಿನದಿಂದ ಬಿಡದೆ ಮೊಟ್ಟೆ ಇಟ್ಟಿದೆ. ಕಪ್ಪು ಕಾಲು, ಬಿಳಿ ಕಾಲಿನ ಕೋಳಿಗೆ ಈ ಲೆಕ್ಕ ಹಾಕಬೇಡಿ.

ಇನ್ನು ನಡತೆ. 21 ದಿನ ಕಾವಿನಿಂದ ಏಳದೆ ಕೂತಿತಾ, ಮೊಟ್ಟೆ ಒಡೆಯಿತಾ, ಹದ್ದು ಬಂದಾಗ ಮರಿ ಕೂಗಿ ರೆಕ್ಕೆಯೊಳಗೆ ಸೇರಿಸಿಕೊಂಡಿತಾ, ಎಷ್ಟು ಮರಿಯನ್ನು ಎರಡು ತಿಂಗಳವರೆಗೆ ಉಳಿಸಿತು? ಈ ಕೊನೆಯದ್ದು ಎಲ್ಲಕ್ಕಿಂತ ಮುಖ್ಯ. ಮುಂಗುಸಿ, ಕಾಡುಬೆಕ್ಕು, ಗಿಡುಗ ಮೂರೂ ಇರುವ ನಮ್ಮ ಊರುಗಳಲ್ಲಿ ಹತ್ತರಲ್ಲಿ ಏಳು ಮರಿ ಉಳಿಸಿದ ಹೇಂಟೆ ಕಣ್ಣಿಗೆ ಎಷ್ಟೇ ಸಾಧಾರಣವಾಗಿ ಕಂಡರೂ ಅದನ್ನು ಬಿಡಬೇಡಿ.

ಹುಂಜದ ಹಾಗೆ ಕೂಗುವ ಹೇಂಟೆ, ಪದೇ ಪದೇ ತೋಲುಮೊಟ್ಟೆ (ಗಟ್ಟಿ ಚಿಪ್ಪಿಲ್ಲದ ಮೊಟ್ಟೆ) ಇಡುವ ಹೇಂಟೆ, ಮೊಟ್ಟೆ ತಿನ್ನುವ ಚಟ ಹತ್ತಿದ ಹೇಂಟೆ ತಳಿಗೆ ಬೇಡ. ತೋಲುಮೊಟ್ಟೆ ಮಾತ್ರ ಒಮ್ಮೆ ಪರೀಕ್ಷೆ ಮಾಡಿ. ಕಪ್ಪೆಚಿಪ್ಪಿನ ಪುಡಿ ಅಥವಾ ಸುಟ್ಟು ಪುಡಿ ಮಾಡಿದ ಮೊಟ್ಟೆಚಿಪ್ಪು ಎರಡು ವಾರ ಕೊಟ್ಟ ಮೇಲೆ ಸರಿಯಾದರೆ ಅದು ಸುಣ್ಣದ ಕೊರತೆ, ಹೇಂಟೆಯದ್ದೇನೂ ತಪ್ಪಿಲ್ಲ.

ಆರಿಸಿದ ಹೇಂಟೆಗಳ ಕೊರತೆ ಬರೆದುಕೊಳ್ಳಿ. ಒಂದಕ್ಕೆ ಎದೆ ಕಿರಿದು, ಒಂದು ತೂಕ ಕಡಿಮೆ, ಹೀಗೆ. ಹುಂಜ ಹುಡುಕುವಾಗ ಕೈಯಲ್ಲಿ ಇರಬೇಕಾದ ಪಟ್ಟಿ ಇದೇ.

## ಹಂತ 4: ಹುಂಜವನ್ನು ದೂರದಿಂದ ನೋಡಿ

ಹುಂಜ ನೋಡಲು ಹೋದರೆ ಕೂಡಲೇ ಹಿಡಿಯಬೇಡಿ. ಸಾಧ್ಯವಾದರೆ ಬೆಳಿಗ್ಗೆ ಗೂಡು ತೆಗೆಯುವ ಹೊತ್ತಿಗೆ ಹೋಗಿ, ಜಗಲಿ ಮೇಲೆ ಕಾಲು ಗಂಟೆ ಸುಮ್ನೆ ಕೂತು ನೋಡಿ. ಕಟ್ಟಿ ಹಾಕಿದ, ಚೀಲದಲ್ಲಿ ತುಂಬಿಕೊಂಡು ಬಂದ ಹುಂಜದಲ್ಲಿ ಈ ಯಾವುದೂ ಕಾಣುವುದಿಲ್ಲ. ಅದಕ್ಕೇ ಸಂತೆಯಲ್ಲಿ ತಳಿ ಹುಂಜ ಕೊಳ್ಳಬೇಡಿ ಅಂತ ಹೇಳುವುದು.

ಗೂಡಿನಿಂದ ಹೊರಬಂದ ಒಳ್ಳೆ ಹುಂಜ ರೆಕ್ಕೆ ಬಡಿದು ಕೂಗುತ್ತದೆ, ಹೇಂಟೆಗಳ ಸುತ್ತ ಒಂದು ರೆಕ್ಕೆ ನೆಲಕ್ಕೆ ತಾಗಿಸಿ ಸುತ್ತುತ್ತದೆ. ಕಾಳು ಎಸೆದು ನೋಡಿ. ತಾನು ತಿನ್ನುವ ಮೊದಲು ಲೊಚ್ ಲೊಚ್ ಅಂತ ಸದ್ದು ಮಾಡಿ, ಕಾಳು ಎತ್ತಿ ಬಿಟ್ಟು ಹೇಂಟೆಗಳನ್ನು ಕರೆಯುತ್ತದಾ? ಹಾಗೆ ಕರೆಯುವ ಹುಂಜದ ಹತ್ತಿರ ಹೇಂಟೆ ತಾನಾಗಿ ಹೋಗುತ್ತದೆ. ಅಟ್ಟಿಸಿಕೊಂಡು ಹೋಗಿ ಜುಟ್ಟು ಕಚ್ಚಿ ಎಳೆದಾಡುವ ಹುಂಜಕ್ಕೆ ಹೇಂಟೆಗಳು ಹೆದರಿ ದೂರ ಓಡುತ್ತವೆ, ಮೊಟ್ಟೆಯಲ್ಲಿ ಜೀವ ಕಟ್ಟುವುದೂ ಕಡಿಮೆ. ಆಕಾಶದಲ್ಲಿ ಹಕ್ಕಿಯ ನೆರಳು ಹಾದರೆ ಎಚ್ಚರಿಕೆ ಸದ್ದು ಮಾಡುವ ಹುಂಜ ಸಿಕ್ಕರೆ ಅದೃಷ್ಟ ಅಂತಲೇ ಹೇಳಬೇಕು.

ನಡಿಗೆ ಹಿಂದಿನಿಂದ ನೋಡಿ. ಎರಡು ಕಾಲಿನ ನಡುವೆ ಅಗಲ ಇರಬೇಕು, ಮಂಡಿ ಒಂದಕ್ಕೊಂದು ತಾಗಬಾರದು. ಬಾಲ ಬೆನ್ನಿನ ನೇರಕ್ಕೆ ಇರಬೇಕು. ಸದಾ ಒಂದೇ ಪಕ್ಕಕ್ಕೆ ವಾಲಿದ್ದರೆ ಅದು ಬೆನ್ನುಮೂಳೆಯ ದೋಷ, ಮರಿಗೂ ಬರಬಹುದು. ರೆಕ್ಕೆ ಜೋತು ಬಿದ್ದಿದ್ದರೆ, ಬಿಸಿಲಿನಲ್ಲೂ ಪುಕ್ಕ ಉಬ್ಬಿಸಿಕೊಂಡು ತೂಕಡಿಸುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಮನುಷ್ಯರ ಮೇಲೆ, ಅದರಲ್ಲೂ ಮಕ್ಕಳ ಮೇಲೆ ಹಾರುವ ಹುಂಜ ಬೇಡವೇ ಬೇಡ. ಆ ಸಿಟ್ಟು ಮರಿಗಳಿಗೆ ಇಳಿಯುತ್ತದೆ. ಕೋಳಿ ಅಂಕದಿಂದ ಬಂದ ಹುಂಜವನ್ನು "ಒಳ್ಳೆ ಜಾತಿ ಸಾರ್" ಅಂತ ಮಾರಲು ಬರುವವರಿದ್ದಾರೆ. ಕತ್ತರಿಸಿದ ಜುಟ್ಟು, ಎದೆ ತೊಡೆಯ ಮೇಲೆ ಹಳೆ ಗಾಯದ ಗೆರೆ ನೋಡಿದರೆ ಗೊತ್ತಾಗುತ್ತದೆ. ಕೋಳಿ ಕಾಳಗ ಮಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಆ ವ್ಯವಹಾರಕ್ಕೆ ನಿಮ್ಮ ದುಡ್ಡು ಹೋಗುವುದು ಬೇಡ.

## ಹಂತ 5: ಕೈಯಲ್ಲಿ ಹಿಡಿದು ನೋಡಿ

ತಲೆಯಿಂದ ಶುರು ಮಾಡಿ ಕಾಲಿನಲ್ಲಿ ಮುಗಿಸಿ, ಯಾವಾಗಲೂ ಒಂದೇ ಕ್ರಮ ಇಟ್ಟುಕೊಂಡರೆ ಏನೂ ಮರೆಯುವುದಿಲ್ಲ.

ಜುಟ್ಟು ಕೆಂಪಗೆ, ಮುಟ್ಟಿದರೆ ಬೆಚ್ಚಗಿರಬೇಕು. ಬಿಳಿಚಿದ್ದರೆ ಜಂತುಹುಳ ಅಥವಾ ನುಸಿ ರಕ್ತ ಹೀರಿರಬಹುದು. ನೀಲಿಗಟ್ಟಿದ್ದರೆ ಉಸಿರಾಟದ್ದೋ ರಕ್ತ ಓಡಾಟದ್ದೋ ತೊಂದರೆ. ಕಪ್ಪು ಚಕ್ಕೆ ಗಂಟು ಇದ್ದರೆ ಸಿಡುಬು ಬಂದಿದೆ, ಈಗಲೂ ಇರಬಹುದು. ಕಡಕ್‌ನಾಥ್‌ನಲ್ಲಿ ಮಾತ್ರ ಜುಟ್ಟೇ ಕಪ್ಪು ನೇರಳೆ, ಅದು ರೋಗವಲ್ಲ.

ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿ. ನಡುವಿನ ಕಪ್ಪು ಬೊಟ್ಟು ಗುಂಡಗೆ, ಅಂಚು ಸ್ಪಷ್ಟವಾಗಿರಬೇಕು, ಎರಡೂ ಕಣ್ಣು ಒಂದೇ ಬಣ್ಣ. ಬೊಟ್ಟಿನ ಅಂಚು ಹರಿದಂತೆ ಇದ್ದು ಸುತ್ತಲಿನ ಬಣ್ಣ ಬೂದಿಗೆ ತಿರುಗಿದ್ದರೆ ಅದು ಮಾರೆಕ್ಸ್ ಅನ್ನುವ ವೈರಸ್ ಕಾಯಿಲೆಯ ಗುರುತು ಇರಬಹುದು. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಮೇಲ್ಗೊಕ್ಕು ಕೆಳಗೊಕ್ಕು ಕತ್ತರಿಯಂತೆ ಅಡ್ಡ ಹೋಗಿದ್ದರೆ ಬೇಡ. ಮೂಗಿನಿಂದ ನೀರು, ಬಾಯಿಯಿಂದ ಕೆಟ್ಟ ವಾಸನೆ ಬೇಡ. ಹುಂಜದ ಬೆನ್ನಿಗೆ ಕಿವಿ ಇಟ್ಟು ಉಸಿರು ಕೇಳಿ, ಗೊರಗೊರ ಅಂದರೆ ಇಟ್ಟು ಬನ್ನಿ.

ಕುತ್ತಿಗೆ ಬುಡದ ಮೇವಿನ ಚೀಲ ಬೆಳಿಗ್ಗೆ ಗೂಡು ತೆಗೆಯುವಾಗ ಖಾಲಿ ಇರಬೇಕು. ರಾತ್ರಿ ತಿಂದದ್ದು ಇನ್ನೂ ಗಟ್ಟಿಯಾಗಿ ಅಲ್ಲೇ ಇದ್ದರೆ ಜೀರ್ಣ ಕೆಟ್ಟಿದೆ.

ಎದೆಮೂಳೆಯ ಮೇಲೆ ಹೆಬ್ಬೆರಳು ಮೇಲಿಂದ ಕೆಳಗೆ ಎಳೆಯಿರಿ. ನೇರವಾಗಿ ಹೋಗಬೇಕು. ಮಧ್ಯೆ ಹಳ್ಳ, ಬಾಗು ಇದ್ದರೆ ಮರಿಯಿದ್ದಾಗ ಆಹಾರ ಸಾಲದೆ ಮೂಳೆ ಬಾಗಿರಬಹುದು, ಇಲ್ಲ ಹುಟ್ಟಿನಿಂದ ಬಂದಿರಬಹುದು. ಹೊರಗಿನಿಂದ ಎರಡನ್ನೂ ಬೇರೆ ಮಾಡಿ ಹೇಳಲು ಆಗುವುದಿಲ್ಲ, ಹಾಗಾಗಿ ಬಿಡುವುದೇ ಸರಿ. ಮೂಳೆಯ ಎರಡೂ ಪಕ್ಕ ಮಾಂಸ ದುಂಡಗೆ ತುಂಬಿರಬೇಕು. ಮೂಳೆ ಕತ್ತಿಯ ಹಾಗೆ ಕೈಗೆ ಸಿಕ್ಕರೆ ಹುಂಜ ಎತ್ತರಕ್ಕಷ್ಟೇ ದೊಡ್ಡದು. ಜನ ಮೋಸ ಹೋಗುವುದೇ ಇಲ್ಲಿ, ಉದ್ದ ಕಾಲು, ಉಬ್ಬಿದ ಪುಕ್ಕ ನೋಡಿ ಮೂರು ಕೆಜಿ ಅಂದುಕೊಂಡದ್ದು ತಕ್ಕಡಿಗೆ ಹಾಕಿದರೆ ಎರಡೂ ಇರುವುದಿಲ್ಲ.

ರೆಕ್ಕೆ ಬಿಡಿಸಿ ನೋಡಿ, ಬಾಲದ ಬುಡದ ಪುಕ್ಕ ಊದಿ ಬಿಡಿಸಿ ನೋಡಿ. ಪುಕ್ಕದ ಬುಡಕ್ಕೆ ಬಿಳಿ ಸೀರು ಅಂಟಿದ್ದರೆ ಹೇನು ಇದೆ. ಇದಕ್ಕೆ ಔಷಧಿ ಉಂಟು, ಇದೊಂದೇ ಕಾರಣಕ್ಕೆ ಒಳ್ಳೆ ಹುಂಜ ಬಿಡಬೇಕಿಲ್ಲ. ದ್ವಾರದ ಸುತ್ತ ಹಸಿರು ಬಿಳಿ ಹಿಕ್ಕೆ ಮೆತ್ತಿಕೊಂಡಿದ್ದರೆ ಮಾತ್ರ ಮುಟ್ಟಬೇಡಿ.

ಕೊನೆಗೆ ಕಾಲು. ಬೆರಳು ನೇರ, ಉಗುರು ಪೂರ್ತಿ. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅದು ನುಸಿ, ಕೊಬ್ಬರಿ ಎಣ್ಣೆ ದಿನಾ ದಪ್ಪಗೆ ಸವರುತ್ತಾ ಹೋದರೆ ಕೆಲವು ವಾರದಲ್ಲಿ ವಾಸಿಯಾಗುತ್ತದೆ. ಅಂಗಾಲಿನಲ್ಲಿ ಗಟ್ಟಿ ಗಂಟು, ಕಪ್ಪು ಕಲೆ ಇದ್ದರೆ ಒಳಗೆ ಕೀವು. ಅಂಥ ಹುಂಜ ಹೇಂಟೆಯ ಮೇಲೆ ನಿಲ್ಲಲಾರದು, ಮೊಟ್ಟೆಯೆಲ್ಲ ಜೀವ ಕಟ್ಟದೆ ಹೋಗುತ್ತವೆ. ಕಾಲಿನ ಹಿಂದಿನ ಮುಳ್ಳು ನೋಡಿ ವಯಸ್ಸು ಅಂದಾಜು ಮಾಡಬಹುದು. ಬರೀ ಗುಬುಟು ಇದ್ದರೆ ಇನ್ನೂ ಎಳೆಯದು, ಉದ್ದ ಬೆಳೆದು ಬಾಗಿದ್ದರೆ ವರ್ಷ ದಾಟಿದ್ದು ಎಷ್ಟೋ. ತಳಿಗೆ ಹತ್ತು ತಿಂಗಳಿಂದ ಎರಡೂವರೆ ವರ್ಷದ ಒಳಗಿನದ್ದು ಸಾಕು.

## ಹಂತ 6: ತಾಯಿ ಯಾವುದು, ತಳಿ ನಿಜವಾ?

ಕೊಡುವವರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ: ಇದರ ತಾಯಿ ತೋರಿಸ್ತೀರಾ? ತಾಯಿ ಕಣ್ಣೆದುರು ಇದ್ದರೆ ಹಂತ 3ರಲ್ಲಿ ಹೇಳಿದ ಎಲ್ಲವನ್ನೂ ಅದರ ಮೇಲೆ ಮಾಡಿ ನೋಡಿ. ಅಣ್ಣತಮ್ಮಂದಿರು ಇದ್ದರೆ ಇನ್ನೂ ಒಳ್ಳೆಯದು. ಒಂದೇ ಕಾವಿನ ಮರಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಸಮ ಬೆಳೆದಿದ್ದರೆ ಆ ರಕ್ತವನ್ನು ನಂಬಬಹುದು. ಇವನೊಬ್ಬನೇ ದೊಡ್ಡವನು, ಉಳಿದವೆಲ್ಲ ಕುಳ್ಳು ಅಂದರೆ ಇವನ ಮರಿಗಳೂ ಹಾಗೆಯೇ ಚೆದುರುತ್ತವೆ.

ಮಲೆನಾಡಿನ ಅಂಗಳದ ನಾಟಿ ಒಂದೇ ಅಚ್ಚಿನ ತಳಿ ಅಲ್ಲ. ಬಣ್ಣ ನೂರೆಂಟು. ಆದ್ದರಿಂದ ನಾಟಿಯಲ್ಲಿ ಬಣ್ಣದಿಂದ ಜಾತಿ ಅಳೆಯಬೇಡಿ, ಮೈಕಟ್ಟು ನೋಡಿ. ಹೆಸರಿನ ತಳಿ ಅಂತ ಮಾರಿದರೆ ಮಾತ್ರ ಗುರುತು ಪರೀಕ್ಷಿಸಿ.

ಅಸೀಲ್ ಆದರೆ ನೆಟ್ಟಗೆ ನಿಲ್ಲುವ ಮೈ, ಉದ್ದ ಗಟ್ಟಿ ಕುತ್ತಿಗೆ, ಮೈಗೆ ಅಂಟಿದ ಪುಕ್ಕ, ಹಲ್ಲಿಲ್ಲದೆ ಗಂಟಿನಂತೆ ಕೂತ ಸಣ್ಣ ಜುಟ್ಟು, ಗಲ್ಲದ ಜೋಲು ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು, ಬಾಲ ಕೆಳಕ್ಕೆ. ಬೆಳೆದ ಹುಂಜ ನಾಲ್ಕು ಕೆಜಿ ಮುಟ್ಟುತ್ತದೆ. ಗರಗಸದಂಥ ಎತ್ತರದ ಜುಟ್ಟು ಇದ್ದೂ ಅಸೀಲ್ ಅಂದರೆ ಬೆರಕೆ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದ್ದು. ಪುಕ್ಕ ಕಪ್ಪಾದರೆ ಸಾಲದು. ಬಾಯಿ ತೆರೆದು ನಾಲಿಗೆ, ಅಂಗುಳ ನೋಡಿ, ರೆಕ್ಕೆಯಡಿ ಚರ್ಮ ನೋಡಿ. ಎಲ್ಲ ಕಡೆ ಕಪ್ಪು ಛಾಯೆ ಇರಬೇಕು. ನಾಲಿಗೆ ಗುಲಾಬಿ ಇದ್ದರೆ ಅನುಮಾನ ಪಡಿ. ಹುಂಜ ಹೆಚ್ಚೆಂದರೆ ಎರಡು ಕೆಜಿ ಆಸುಪಾಸು. ಮೂರು ಕೆಜಿಯ ಕಡಕ್‌ನಾಥ್ ಅಂತ ಬಂದರೆ ಅದು ಬೆರಕೆಯೇ. ಇನ್ನು ಕಪ್ಪು ಮೊಟ್ಟೆ ಇಡುತ್ತದೆ ಅನ್ನುವುದು ಸುಳ್ಳು, ಮೊಟ್ಟೆ ತಿಳಿ ಕಂದು ಬಣ್ಣದ್ದು.

ಪುಕ್ಕ ಹೊರಕ್ಕೆ ಗುಂಗುರು ತಿರುಗಿದ ಕೋಳಿ ಕೆಲವರಿಗೆ ಇಷ್ಟ. ಹುಂಜ ಹೇಂಟೆ ಎರಡೂ ಗುಂಗುರಾದರೆ ಸುಮಾರು ನಾಲ್ಕರಲ್ಲಿ ಒಂದು ಮರಿಗೆ ಪುಕ್ಕ ನಿಲ್ಲದೆ ಉದುರುತ್ತದೆ. ಆಗುಂಬೆ, ಹೊಸನಗರದ ಮಳೆಗೆ ಅಂಥ ಮರಿ ಬದುಕುವುದು ಕಷ್ಟ. ಒಂದು ಗುಂಗುರಿಗೆ ಇನ್ನೊಂದು ಮಾಮೂಲಿ ಪುಕ್ಕದ್ದೇ ಇರಲಿ.

ಕಾಡುಕೋಳಿ ರಕ್ತ ಸೇರಿಸಿದರೆ ಗಟ್ಟಿ ತಳಿ ಬರುತ್ತದೆ ಅಂತ ಕಾಡಿನಿಂದ ಮೊಟ್ಟೆ ತಂದು ಮನೆಕೋಳಿ ಕೆಳಗೆ ಇಡುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಕೈ ಹಾಕಬೇಡಿ.

## ಹಂತ 7: ಒಂದು ತಿಂಗಳು ಬೇರೆ ಇಡಿ

ಎಲ್ಲರೂ ಬಿಡುವ ಹಂತ ಇದು. ತಂದ ಸಂಜೆಯೇ ಹೇಂಟೆಗಳ ಜೊತೆ ಗೂಡಿಗೆ ಸೇರಿಸಿ, ಹದಿನೈದು ದಿನದಲ್ಲಿ ಗೂಡೇ ಖಾಲಿ ಮಾಡಿಕೊಂಡ ಮನೆಗಳು ಪ್ರತಿ ಊರಿನಲ್ಲೂ ಇವೆ. ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಒಂದೊಂದೇ ಉಳಿಸಿಕೊಳ್ಳುವ ಮಾತೇ ಇಲ್ಲ.

ಹೊಸ ಹುಂಜಕ್ಕೆ ಬೇರೆ ಗೂಡು, ಬೇರೆ ನೀರಿನ ಪಾತ್ರೆ. ಮೊದಲು ಮನೆಕೋಳಿಗೆ ಕಾಳು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ, ತಿರುಗಿ ಬರುವಾಗ ಕೈಕಾಲು ತೊಳೆಯಿರಿ. ಲಸಿಕೆ ಆಗಿದೆಯಾ ಕೇಳಿ. ಕೊಕ್ಕರೆ ರೋಗಕ್ಕೆ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ ಹಾಕುತ್ತಾರೆ, ಎಂಟು ವಾರದ ಹೊತ್ತಿಗೆ ಅದೇ ರೋಗದ ಆರ್2ಬಿ ಅನ್ನುವ ಲಸಿಕೆಯ ಇಂಜೆಕ್ಷನ್. ಗೊತ್ತಿಲ್ಲ ಅಂದರೆ ಪಶು ಆಸ್ಪತ್ರೆಯಲ್ಲಿ ಕೇಳಿ ಈಗಲೇ ಕೊಡಿಸಿ. ಜಂತುಹುಳದ ಔಷಧಿಯನ್ನೂ ಇದೇ ತಿಂಗಳಲ್ಲಿ ಮುಗಿಸಿ.

ಕತ್ತು ತಿರುಚುವುದು, ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಡುವುದು ಕಂಡರೆ ತಡ ಮಾಡದೆ ವೈದ್ಯರಿಗೆ ಹೇಳಿ. ಸತ್ತರೆ ಕಾರಣ ತಿಳಿಯದೆ ಹೂಳಬೇಡಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಕೇಳಿದರೆ ದಾರಿ ಹೇಳುತ್ತಾರೆ.

## ಹಂತ 8: ಜೋಡಿಸುವುದು

ಮಾಮೂಲಿ ನಾಟಿ ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ. ಅಸೀಲ್‌ನಂಥ ಭಾರದ ಹುಂಜಕ್ಕೆ ಐದಾರು. ಎರಡೇ ಹೇಂಟೆ ಇಟ್ಟರೆ ಅವುಗಳ ಬೆನ್ನಿನ ಪುಕ್ಕ ಉದುರಿ ಚರ್ಮ ಹರಿಯುತ್ತದೆ. ಹುಂಜದ ಕಾಲಿನ ಮುಳ್ಳು ಚೂಪಾಗಿದ್ದರೆ ತುದಿ ಮಾತ್ರ ಅರದಿಂದ ಮೊಂಡು ಮಾಡಿ. ಆಳಕ್ಕೆ ಹೋಗಬೇಡಿ, ಒಳಗೆ ರಕ್ತನಾಳ ಇದೆ.

ಇಬ್ಬರಲ್ಲೂ ಒಂದೇ ದೋಷ ಇರಬಾರದು. ಹೇಂಟೆಗೆ ಎದೆ ಕಿರಿದಾಗಿದ್ದರೆ ಎದೆ ಸರಿಯಾಗಿ ತುಂಬಿದ ಹುಂಜ. ಆದರೆ ಕುಳ್ಳು ಕಾಲಿಗೆ ತೀರಾ ಉದ್ದ ಕಾಲು ಹಾಕಿದರೆ ನಡುವಿನದ್ದು ಬರುತ್ತದೆ ಅಂತ ಲೆಕ್ಕ ಹಾಕಬೇಡಿ, ಮರಿಗಳಲ್ಲಿ ಎರಡೂ ಅತಿ ಕಾಣಿಸಿಕೊಳ್ಳಬಹುದು. ದೋಷಕ್ಕೆ ಎದುರಾಗಿ ಯಾವಾಗಲೂ ಸರಿಯಾದದ್ದನ್ನೇ ಹಾಕಿ.

ಗಾತ್ರದಲ್ಲಿ ತುಂಬಾ ವ್ಯತ್ಯಾಸ ಬೇಡ. ಒಂದೂಕಾಲು ಕೆಜಿ ನಾಟಿ ಹೇಂಟೆಯ ಮೇಲೆ ನಾಲ್ಕು ಕೆಜಿ ಅಸೀಲ್ ಹುಂಜ ಹತ್ತಿದರೆ ಬೆನ್ನು ಸೊಂಟಕ್ಕೆ ಪೆಟ್ಟು. ಮರಿಯ ಹುಟ್ಟು ಗಾತ್ರವನ್ನು ಮೊಟ್ಟೆ ತೀರ್ಮಾನಿಸುತ್ತದೆ, ಮೊಟ್ಟೆ ಹೇಂಟೆಯದ್ದು. ಮರಿ ದೊಡ್ಡದಾಗಬೇಕಾದರೆ ಹೇಂಟೆಯನ್ನೇ ದೊಡ್ಡದು ಆರಿಸಿ.

ರಕ್ತಸಂಬಂಧ ಬೇಡ. ಅಣ್ಣತಂಗಿ, ತಂದೆ ಮಗಳು ಜೋಡಿಸುತ್ತಾ ಹೋದರೆ ಮರಿ ಮೊಟ್ಟೆಯೊಳಗೇ ಸಾಯುವುದು, ಸೊಟ್ಟ ಬೆರಳು, ಮೊಟ್ಟೆ ಕಡಿಮೆಯಾಗುವುದು ಒಂದೊಂದಾಗಿ ಶುರುವಾಗುತ್ತದೆ.

ಈಗ ಬಹಳ ಮುಖ್ಯ ವಿಷಯ. ಹೇಂಟೆಯ ಮೈಯಲ್ಲಿ ಹಳೆಯ ಹುಂಜದ ಬೀಜ ಎರಡು ಮೂರು ವಾರ ಜೀವಂತ ಇರುತ್ತದೆ. ಹಳೆ ಹುಂಜ ತೆಗೆದು ಹೊಸದು ಬಿಟ್ಟ ಮರುದಿನದಿಂದ ಮೊಟ್ಟೆ ಕೂಡಿಟ್ಟು ಮರಿ ಮಾಡಿಸಿದರೆ ಅದು ಯಾರ ಮರಿ ಅಂತ ಹೇಳಲಾಗುವುದಿಲ್ಲ. ಮೂರು ವಾರ ಕಾಯಿರಿ. ಆ ಮೊಟ್ಟೆ ತಿನ್ನಿ, ಮಾರಿ, ಕಾವಿಗೆ ಮಾತ್ರ ಬೇಡ.

ಹಾಗಾಗಿ ಕಾಲದ ಲೆಕ್ಕ ಹಿಂದಿನಿಂದ ಹಾಕಿ. ಆರಿದ್ರಾ, ಪುನರ್ವಸು ಮಳೆಯಲ್ಲಿ ಮರಿ ಮಾಡಿಸಿದರೆ ಒದ್ದೆ ನೆಲ, ರಕ್ತಭೇದಿ, ಅರ್ಧ ಹೋಗುತ್ತವೆ. ಡಿಸೆಂಬರ್ ಜನವರಿಯಲ್ಲಿ ಹುಟ್ಟಿದ ಮರಿ ಜೂನ್ ಮಳೆ ಹಿಡಿಯುವಷ್ಟರಲ್ಲಿ ಬಲಿತಿರುತ್ತದೆ. ಅದಕ್ಕೆ ದಸರಾ ಹೊತ್ತಿಗೇ ಹುಂಜ ಮನೆಗೆ ಬಂದಿರಬೇಕು. ಒಂದು ತಿಂಗಳು ಬೇರೆ, ಮೂರು ವಾರ ಜೊತೆ, ಆಮೇಲೆ ಮೊಟ್ಟೆ ಸಂಗ್ರಹ, 21 ದಿನ ಕಾವು.

## ಹಂತ 9: ಮೊಟ್ಟೆ ಪರೀಕ್ಷೆ

ಮೂರು ವಾರ ಆದ ಮೇಲೆ ಒಂದೆರಡು ಮೊಟ್ಟೆ ತಟ್ಟೆಗೆ ಒಡೆಯಿರಿ. ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಕಾಣುತ್ತದೆ, ಕಾಣದಿದ್ದರೆ ಚಮಚದಿಂದ ಹಳದಿಯನ್ನು ಮೆಲ್ಲಗೆ ಹೊರಳಿಸಿ. ಚುಕ್ಕೆಯ ಸುತ್ತ ದುಂಡಗೆ ಉಂಗುರದಂಥ ಗೆರೆ ಇದ್ದರೆ ಜೀವ ಕಟ್ಟಿದೆ. ಅಂಚು ಅಡ್ಡಾದಿಡ್ಡಿಯಾಗಿ, ಗಟ್ಟಿ ಬಿಳಿ ಚುಕ್ಕೆ ಮಾತ್ರ ಇದ್ದರೆ ಇಲ್ಲ. ಬೇರೆ ಬೇರೆ ಹೇಂಟೆಯ ನಾಲ್ಕೈದು ಮೊಟ್ಟೆಯಲ್ಲಿ ಒಂದರಲ್ಲೂ ಉಂಗುರ ಕಾಣದಿದ್ದರೆ ಕಾವಿಗಿಡುವ ಮೊದಲು ಹುಂಜವನ್ನು ಮತ್ತೆ ನೋಡಿ. ದ್ವಾರದ ಸುತ್ತ ಪುಕ್ಕ ತೀರಾ ದಟ್ಟವಾಗಿದ್ದರೆ ಹುಂಜಕ್ಕೂ ಹೇಂಟೆಗೂ ಕತ್ತರಿಸಿ. ಹುಂಜ ತೆಳ್ಳಗಾಗಿದ್ದರೆ ಕಾಳನ್ನೆಲ್ಲ ಹೇಂಟೆಗಳಿಗೆ ಬಿಟ್ಟು ತಾನು ಹಸಿದಿರುತ್ತದೆ, ಬೇರೆ ಹಿಡಿದು ತಿನ್ನಿಸಿ.

ಕಾವಿಗೆ ಮಧ್ಯಮ ಗಾತ್ರದ, ನಯವಾದ, ಏಳು ದಿನದ ಒಳಗಿನ ಮೊಟ್ಟೆ ಸಾಕು. ತೊಳೆಯಬೇಡಿ. ಚೂಪು ತುದಿ ಕೆಳಗೆ ಮಾಡಿ, ಒಲೆಯಿಂದ ದೂರ ತಂಪು ಮೂಲೆಯಲ್ಲಿ ಇಡಿ, ಫ್ರಿಜ್ ಬೇಡ. ಪೆನ್ಸಿಲ್‌ನಿಂದ ದಿನಾಂಕ ಮತ್ತು ಹೇಂಟೆಯ ಗುರುತು ಬರೆಯಿರಿ.

ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ. ಜೇಡನ ಕಾಲಿನಂತೆ ಕೆಂಪು ನರ ಹರಡಿದ್ದರೆ ಮರಿ ಬೆಳೆಯುತ್ತಿದೆ. ಪೂರ್ತಿ ತಿಳಿ ಇದ್ದರೆ ಜೀವ ಕಟ್ಟಿಲ್ಲ, ಇಂಥವು ಜಾಸ್ತಿ ಆದರೆ ಮೊದಲು ಹುಂಜವನ್ನೇ ಅನುಮಾನಿಸಿ. ರಕ್ತದ ಬಳೆ ಮಾತ್ರ ಇದ್ದರೆ ಮೊದಲ ದಿನಗಳಲ್ಲೇ ಸತ್ತಿದೆ, ಮೊಟ್ಟೆ ಇಟ್ಟ ರೀತಿ ಅಥವಾ ಕಾವು ತಪ್ಪಿದ್ದು ಕಾರಣ ಇರಬಹುದು. ಪೂರ್ತಿ ಬೆಳೆದು ಕೊನೆಯ ಎರಡು ಮೂರು ದಿನದಲ್ಲಿ ಸಾಯುವುದು ಪ್ರತಿ ಕಾವಿನಲ್ಲೂ ಆಗುತ್ತಿದ್ದರೆ ರಕ್ತಸಂಬಂಧ ಮತ್ತು ಹೇಂಟೆಯ ಆಹಾರ ಎರಡನ್ನೂ ನೋಡಿ.

## ಹಂತ 10: ಮರಿ ನೋಡಿ ಹುಂಜ ಉಳಿಸಿ

ಹುಂಜ ಎಂಥದ್ದು ಅಂತ ಗೊತ್ತಾಗುವುದು ಈಗ. ಪ್ರತಿ ಹೇಂಟೆಯ ಹೆಸರಿನ ಕೆಳಗೆ ಇಟ್ಟ ಮೊಟ್ಟೆ, ಎದ್ದ ಮರಿ, ಎರಡು ತಿಂಗಳಿಗೆ ಉಳಿದ ಮರಿ, ನಾಲ್ಕು ತಿಂಗಳ ತೂಕ ಬರೆಯಿರಿ. ಒಂದೇ ಹೇಂಟೆಯ ಮರಿಗಳಷ್ಟೇ ಕೆಟ್ಟರೆ ಆ ಹೇಂಟೆ ಬದಲಿಸಿ. ಬೇರೆ ಬೇರೆ ಹೇಂಟೆಗಳಲ್ಲಿ ಒಂದೇ ದೋಷ, ಸೊಟ್ಟ ಬೆರಳೋ ಅಡ್ಡ ಕೊಕ್ಕೋ, ಕಂಡರೆ ಹುಂಜದ ರಕ್ತದ ಮೇಲೇ ಅನುಮಾನ. ಅದು ಎಷ್ಟೇ ಚೆಂದ ಇದ್ದರೂ ತಳಿಯಿಂದ ತೆಗೆಯಿರಿ, ಅದರ ಗಂಡುಮರಿಗಳನ್ನೂ ತಳಿಗೆ ಇಡಬೇಡಿ.

ಮರಿ ಚೆನ್ನಾಗಿ ಬಂದರೆ ಹುಂಜವನ್ನು ಇನ್ನೊಂದು ವರ್ಷ ಅದೇ ಹೇಂಟೆಗಳ ಜೊತೆ ಇಡಿ. ಅದರ ಹೆಣ್ಣುಮರಿಗಳು ಮೊಟ್ಟೆಗೆ ಬರುವ ಮೊದಲು ಮಾತ್ರ ಅವನ್ನು ಬೇರೆ ಮಾಡಿ, ಅಥವಾ ಹುಂಜವನ್ನು ಬೇರೆ ಊರಿನ, ಇದೇ ರೀತಿ ಲೆಕ್ಕ ಇಡುವ ಒಬ್ಬರಿಗೆ ಕೊಟ್ಟು ಅವರ ಹುಂಜ ತನ್ನಿ. ಸಾಗರದ ಕಡೆಯವರು ಶಿಕಾರಿಪುರದ ಕಡೆಯವರ ಜೊತೆ ಬದಲಾಯಿಸಿಕೊಂಡರೆ ರಕ್ತವೂ ಹೊಸದು, ದುಡ್ಡೂ ಬೇಡ. ಬರುವ ಹುಂಜಕ್ಕೆ ಮತ್ತೆ ಹಂತ 4ರಿಂದ ಶುರು ಮಾಡಿ. ಗೆಳೆಯರ ಮನೆಯದ್ದು ಅಂತ ಒಂದು ತಿಂಗಳು ಬೇರೆ ಇಡುವುದನ್ನು ಬಿಡಬೇಡಿ.